ಹಿಂಬಾಗಿಲಿಗೆ ರಂಗೋಲಿ

ಬೆಳಗಿನ ಆರೂಕಾಲು. ಇಂದಿರಾನಗರದ ಪಬ್ಬುಗಳ ಬೀದಿ ಇನ್ನೂ ಮಲಗಿದೆ. ಮೂರನೇ ಮಹಡಿಯ ಪಬ್ಬೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವ ವೆಂಕಟಮ್ಮ, ಪೊರಕೆ ಮುಟ್ಟುವ ಮೊದಲು ಹಿಂದಿನ ತುರ್ತು ಮೆಟ್ಟಿಲ ದೀಪ ಆರಿಸುತ್ತಾರೆ. ಗೋಡೆ ಸವರುತ್ತಾ ಕತ್ತಲಲ್ಲೇ ಐವತ್ನಾಲ್ಕು ಮೆಟ್ಟಿಲು ಇಳಿಯುತ್ತಾರೆ. "ಹೊಗೆ ತುಂಬ್ಕೊಂಡ್ರೆ ಲೈಟ್ ಎಲ್ಲಿ ಕಾಣ್ಸುತ್ತೆ ಸಾರ್? ಕಾಲಿಗೆ ಏನೂ ಸಿಗ್ಬಾರ್ದು." ಅವರ ಹಿಂದೆ ಇಳಿಯುತ್ತಿರುವ ನಾನು ಖಾಲಿ ಮೆಟ್ಟಿಲಲ್ಲೇ ಎರಡು ಸಲ ಎಡವುತ್ತೇನೆ.

ಕೆಳಗಿನ ಹಿಂಬಾಗಿಲನ್ನು ಭುಜದಿಂದ ತಳ್ಳಿ ಪೂರ್ತಿ ತೆರೆಯುತ್ತಾರೆ. ಹೊರಗಿನ ಗಲ್ಲಿಗೆ ನೀರು ಚಿಮುಕಿಸಿ, ಬಾಗಿಲು ತಿರುಗುವಷ್ಟೂ ಜಾಗಕ್ಕೆ ರಂಗೋಲಿ ಹಾಕುತ್ತಾರೆ. ಮೊದಮೊದಲು ಹೊಸ್ತಿಲ ಬಳಿ ಅಂಗೈಯಗಲ ಹಾಕುತ್ತಿದ್ದರಂತೆ. ಅದರ ಪಕ್ಕಕ್ಕೇ ಬಿಯರ್ ಕ್ರೇಟುಗಳು ಬಂದು ಕೂತು, ಬಾಗಿಲು ಅರ್ಧವೂ ತೆರೆಯದಂತಾಯಿತು. ಮರುದಿನದಿಂದ ರಂಗೋಲಿ ಬಾಗಿಲಿನಷ್ಟೇ ಅಗಲವಾಯಿತು.

ಶಿವಾಜಿನಗರದಿಂದ ಟೆಂಪೋದಲ್ಲಿ ಕ್ರೇಟು ತರುವ ಅಹ್ಮದ್ ಪಾಷಾ ನಗುತ್ತಾರೆ. "ಬೋರ್ಡ್ ಹಾಕಿದ್ರೆ ಯಾರ್ ಓದ್ತಾರೆ ಸಾರ್? ಅಮ್ಮ ಕೂತ್ಕೊಂಡು ಅಷ್ಟೊತ್ತು ಹಾಕಿರ್ತಾರೆ, ಅದ್ರ ಮೇಲೆ ಕ್ರೇಟ್ ಇಡೋಕೆ ಮನಸ್ಸು ಬರಲ್ಲ."

ಹೊರಮಾವಿನ ವೆಂಕಟಮ್ಮನಿಗೀಗ ಐವತ್ತಾರು. ಐದು ಗಂಟೆಯ ಬಸ್ಸು ಹಿಡಿದು ಬರುತ್ತಾರೆ. ಇದಕ್ಕೂ ಮುಂಚೆ ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಅಂಗಿಗೆ ಕಾಲರ್ ಹೊಲಿದವರು. ಒಂದು ಮಧ್ಯಾಹ್ನ ಅಲ್ಲಿ ಬಟ್ಟೆ ರಾಶಿಗೆ ಕಿಡಿ ಹತ್ತಿತು. ಹಿಂದಿನ ಗೇಟಿಗೆ ಬೀಗ, ಕೀ ಊಟಕ್ಕೆ ಹೋದ ಸೂಪರ್‌ವೈಸರ್ ಜೇಬಿನಲ್ಲಿ. "ಯಾರೂ ಸಾಯ್ಲಿಲ್ಲ, ದೇವ್ರು ದೊಡ್ಡೋನು. ಆದ್ರೆ ಆ ಬೀಗ ಹಿಡ್ಕೊಂಡು ಅಲ್ಲಾಡ್ಸಿದ್ದು ಈ ಕೈ ಇನ್ನೂ ಮರ್ತಿಲ್ಲ."

ಹಾಗಾಗಿಯೇ, ಹಿಂದಿನಿಂದ ಜನ ಪುಕ್ಕಟೆ ನುಗ್ಗುತ್ತಾರೆಂದು ಪಬ್ಬಿನ ಮ್ಯಾನೇಜರ್ ಶಿಶಿರ್ ಈ ಬಾಗಿಲಿಗೆ ಬೀಗ ಜಡಿದಾಗ ವೆಂಕಟಮ್ಮ ಪೊರಕೆ ಕೆಳಗಿಟ್ಟರು. "ಬೀಗ ತೆಗೀರಿ ಸಾರ್, ಆಮೇಲೆ ಗುಡಿಸ್ತೀನಿ," ಎಂದರು. ಶಿಶಿರ್ ತೆಗೆಯಲಿಲ್ಲ, ಇವರನ್ನೇ ಕೆಲಸ ಬಿಡಿಸಿ ಮನೆಗೆ ಕಳಿಸಿದರು.

ಒಂಬತ್ತನೇ ದಿನ ದೂರದ ಊರೊಂದರ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. ಬೀಗ ಹಾಕಿದ್ದ ಹಿಂಬಾಗಿಲ ಬಳಿ ಹತ್ತೊಂಬತ್ತು ಜನ ಸತ್ತರು. ಲೈಸೆನ್ಸ್ ಕೊಟ್ಟವರು ಯಾರು, ತಪಾಸಣೆ ಮಾಡಿದವರು ಯಾರು ಎಂದು ಜನ ಬೀದಿಗಿಳಿದರು. ಮಾಲೀಕ ಮ್ಯಾನೇಜರನತ್ತ ಬೆರಳು ತೋರಿಸಿದ, ಮ್ಯಾನೇಜರ್ ಅಧಿಕಾರಿಯತ್ತ, ಅಧಿಕಾರಿ ಕಡತದತ್ತ. ಓದಿ ನನಗೂ ಮೈಯೆಲ್ಲ ಉರಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬುದು ಗಾದೆ. ನಮ್ಮವರಿಗೆ ಬಾಗಿಲು ತೆರೆಯಬೇಕೆಂದು ಹೊಳೆಯುವುದೂ ಆಮೇಲೆಯೇ.

ಶಿಶಿರ್ ಮಾತ್ರ ಮರುದಿನ ಬೆಳಿಗ್ಗೆಯೇ ಹೊರಮಾವಿಗೆ ಹೋದರು. "ಟಿವಿ ನೋಡಿ ನಿದ್ದೆ ಬರ್ಲಿಲ್ಲ. ಅವ್ರ ಮನೆ ಮುಂದೆ ನಿಂತಾಗ ನಾಚ್ಕೆ ಆಯ್ತು. ಬೀಗ, ಕೀ ಎರಡೂ ಅವ್ರ ಕೈಗೇ ಕೊಟ್ಬಿಟ್ಟೆ," ಎನ್ನುತ್ತಾರೆ. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡದ್ದಕ್ಕೆ ಅವರಿಗೂ ಒಂದು ನಮಸ್ಕಾರ. ಆ ಬೀಗ ಈಗ ವೆಂಕಟಮ್ಮನ ಮನೆಯ ಅಕ್ಕಿ ಡಬ್ಬದ ಪಕ್ಕದಲ್ಲಿದೆ.

ಹಿಂಬಾಗಿಲ ಮೇಲೆ ಪಬ್ಬಿನವರು ಈಚೆಗೆ ಒಂದು ಹಾಳೆ ಅಂಟಿಸಿದ್ದಾರೆ. 'ಈ ಬಾಗಿಲಿನ ಹೊಣೆಗಾರರು' ಎಂದಿದೆ, ಮುಂದಿನ ಗೆರೆ ಖಾಲಿ. ಅಲ್ಲಿ ತಮ್ಮ ಹೆಸರು ಬರೆಯಬೇಕೆಂಬುದು ವೆಂಕಟಮ್ಮನ ಆಸೆ. ನನಗೆ ಸರಿ ಕಾಣಲಿಲ್ಲ. ಹೊಣೆ ಹೊರಬೇಕಾದವರು ದೊಡ್ಡವರು, ನಿಮಗೇಕೆ ಅಮ್ಮಾ ಎಂದು ಕೇಳಿದೆ.

ರಂಗೋಲಿ ಪುಡಿ ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳುತ್ತಾರೆ: "ದೊಡ್ಡೋರ ಹೆಸ್ರು ಮೇಲೆ ಇರ್ಲಿ, ಅದ್ರ ಕೆಳಗೆ ನಂದೂ ಇರ್ಲಿ. ದಿನಾ ಈ ಬಾಗ್ಲು ತೆಗೆಯೋಳು ನಾನಲ್ವಾ? ಏನಾದ್ರೂ ಆದ್ರೆ ಬಂದು ನನ್ನ ಕೇಳ್ಲಿ. ನಾನಲ್ಲ ಅಂತ ಮಾತ್ರ ಹೇಳಲ್ಲ."