ಎಂಟು ಜನ ಸಾಕು ಎಂದು ಬರೆದೆ

ನಾನು ಕೆಲಸಕ್ಕೆ ಸೇರಿದ ದಿನ ಕಚೇರಿಯಲ್ಲಿ ನನ್ನನ್ನೂ ಸೇರಿಸಿ ಐದು ಜನರಿದ್ದೆವು. ಮರುದಿನ ಹೋದಾಗ ಇಬ್ಬರೇ. ಉಳಿದವರು ರಜೆ ಹಾಕಿರಬೇಕೆಂದುಕೊಂಡು ನನ್ನ ಮೇಜು ಒರೆಸಿಕೊಂಡು ಕೂತೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಯಜಮಾನರಾದ ವೆಂಕಟೇಶ್ ಸರ್ ತಾವಾಗಿಯೇ ಹೇಳಿದರು. ಹಿಂದಿನ ದಿನ ಕಂಪ್ಯೂಟರ್‌ಗಳ ಮುಂದಿದ್ದ ಇಬ್ಬರು ಹೆಂಗಸರು ಅವರ ಹೆಂಡತಿ ಮತ್ತು ನಾದಿನಿ. ಗಂಭೀರವಾಗಿ ಕಡತ ತಿರುವುತ್ತಿದ್ದವರು ಕೆಳಗಿನ ಜೆರಾಕ್ಸ್ ಅಂಗಡಿಯವರು. ಅಂದು ಗಿರಾಕಿಯೊಬ್ಬರು ಕಚೇರಿ ನೋಡಲು ಬರುವವರಿದ್ದರು.

“ಖಾಲಿ ಕುರ್ಚಿ ನೋಡಿದ್ರೆ ಯಾರೂ ಸಲಹೆ ಕೇಳಲ್ಲ ಕಣಮ್ಮ,” ಎಂದು ಹೇಳಿ ತಮ್ಮ ಡಬ್ಬಿಯ ಅವರೆಕಾಳಿನ ಹುಳಿಯನ್ನು ನನ್ನ ಕಡೆ ಸರಿಸಿದರು.

ಇದನ್ನು ಓದುವ, ಗದಗದ ಕಡೆಯವರಾದ ನಿಮಗೆ ನಮ್ಮ ಕಚೇರಿಯಿರುವ ದಾಬಸ್‌ಪೇಟೆ ಎಂದರೆ ಬೆಂಗಳೂರು ಬಸ್ಸಿನ ಕಿಟಕಿಯಲ್ಲಿ ಬೆಳಗಿನ ಜಾವ ಹಾದುಹೋಗುವ ದೀಪಗಳು. ನನಗೂ ಅಷ್ಟೇ ಆಗಿತ್ತು. ನಮ್ಮೂರಿನ ನೂಲಿನ ಗಿರಣಿ ಮುಚ್ಚಿದ ಮೇಲೆ, ಅಲ್ಲಿ ಕೆಲಸದ ವೇಳೆ ಅಳೆಯುತ್ತಿದ್ದ ಅನುಭವ ಹೇಳಿಕೊಂಡು ಇಲ್ಲಿಗೆ ಬಂದೆ. ಹೆದ್ದಾರಿಯ ಸದ್ದು ಇಲ್ಲಿ ನಿಲ್ಲುವುದೇ ಇಲ್ಲ. ಮಣ್ಣು ಕೆಂಪು, ಮಳೆ ಬಂದರೆ ನಮ್ಮ ಎರೆಮಣ್ಣಿನಂತೆ ಕಾಲು ಹಿಡಿದು ನಿಲ್ಲಿಸುವುದಿಲ್ಲ, ತೊಳೆದರೆ ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಅದೇ ನನಗೆ ಬೇಸರ ತರಿಸುತ್ತಿತ್ತು. ಯಾವುದೂ ನನ್ನನ್ನು ಹಿಡಿದುಕೊಳ್ಳುತ್ತಿರಲಿಲ್ಲ.

ನಮ್ಮದು ಕಾರ್ಖಾನೆಗಳಿಗೆ ಸಲಹೆ ಕೊಡುವ ಸಂಸ್ಥೆ. ಎಲ್ಲಿ ವೇಳೆ ಪೋಲಾಗುತ್ತಿದೆ, ಯಾವ ಕೆಲಸಕ್ಕೆ ಎಷ್ಟು ಕೈ ಬೇಕು ಎಂದು ನೋಡಿ ವರದಿ ಬರೆಯುವುದು. ಒಂದು ಕಾಲಕ್ಕೆ ಹನ್ನೊಂದು ಮಂದಿ ಇದ್ದರಂತೆ. ದೊಡ್ಡ ಕಾರ್ಖಾನೆಗಳು ನಗರದ ಸಂಸ್ಥೆಗಳ ಕಡೆ ತಿರುಗಿದ ಮೇಲೆ ಒಬ್ಬೊಬ್ಬರೇ ಬಿಟ್ಟುಹೋದರು. ಅವರ ಹೆಸರಿನ ವಿಸಿಟಿಂಗ್ ಕಾರ್ಡುಗಳು ಪೆಟ್ಟಿಗೆ ತುಂಬ ಉಳಿದಿದ್ದವು. ಸರ್ ಅವುಗಳ ಹಿಂಬದಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಫೋನು ರಿಂಗಾದರೆ ಕೂಡಲೇ ಎತ್ತುತ್ತಿರಲಿಲ್ಲ. ಬಿಡುವಿಲ್ಲದವರಂತೆ ಕಾಣಬೇಕೆಂದು ನಾಲ್ಕನೆಯ ರಿಂಗಿನವರೆಗೆ ಕಾಯುತ್ತಿದ್ದರು. ಆ ನಾಲ್ಕು ರಿಂಗುಗಳ ಹೊತ್ತು ನಾವಿಬ್ಬರೂ ಉಸಿರು ಹಿಡಿದು ಕೂರುತ್ತಿದ್ದೆವು.

ಶಿವಗಂಗೆ ರಸ್ತೆಯಲ್ಲಿ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ಪುಟ್ಟಗಂಗಮ್ಮ, ನನಗಿಂತ ಹತ್ತು ವರ್ಷ ದೊಡ್ಡವರು; ನಾನು ಗಂಗಕ್ಕ ಎನ್ನುತ್ತೇನೆ. ಬೆಳಿಗ್ಗೆ ಎರಡು ಹಸು ಕರೆದು ಡೈರಿಗೆ ಹಾಲು ಹಾಕಿ, ನಾನು ಏಳುವಷ್ಟರಲ್ಲಿ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು. ಅಲ್ಲಿ ಹತ್ತು ಹೆಂಗಸರ ಸಾಲಿನಲ್ಲಿ ಮುಚ್ಚಳಗಳನ್ನು ಆರಿಸಿ ಪೆಟ್ಟಿಗೆಗೆ ತುಂಬುವ ಕೆಲಸ.

ಮುದ್ದೆ ನುಂಗಲು ಕಲಿಸಿದ್ದೂ ಅವರೇ. ನಾನು ರೊಟ್ಟಿಯಂತೆ ಅಗಿಯುತ್ತಿದ್ದೆ. ಅವರು ನೋಡಿ ನೋಡಿ ಒಂದು ದಿನ, “ಅದೇನಮ್ಮ ಹಸು ಮೆಲುಕು ಹಾಕ್ದಂಗೆ? ಬಸ್ಸಾರಲ್ಲಿ ಅದ್ದು, ಬಿಡು ಗಂಟಲಿಗೆ,” ಎಂದರು. ಬಸ್ಸಾರು ಎಂದರೆ ಬೇಯಿಸಿದ ಸೊಪ್ಪು ಕಾಳುಗಳ ನೀರನ್ನು ಬಸಿದು ಅದರಿಂದ ಮಾಡುವ ಸಾರು. ಅಗಿಯದೆ ತಿಂದರೆ ಊಟ ಮಾಡಿದಂತೆಯೇ ಅನಿಸುತ್ತಿರಲಿಲ್ಲ. ಬಾಯಿಯಲ್ಲಿ ಜೋಳದ ರೊಟ್ಟಿ ಮುರಿಯುವ ಸದ್ದಿಗಾಗಿ ಕೆಲವು ರಾತ್ರಿ ಅಳು ಬಂದದ್ದಿದೆ.

ಕಾರ್ತಿಕದ ಕೊನೆಯಲ್ಲಿ ಆ ಮುಚ್ಚಳದ ಕಾರ್ಖಾನೆಯವರೇ ನಮ್ಮ ಸಂಸ್ಥೆಯನ್ನು ಕರೆದರು. ವರದಿ ಮೆಚ್ಚಿಗೆಯಾದರೆ ಅವರ ಇನ್ನೂ ಮೂರು ಘಟಕಗಳ ಕೆಲಸ ನಮಗೆ. ಅದು ಸಿಕ್ಕರೆ ಕಚೇರಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದನ್ನು ಸರ್ ಹೇಳಬೇಕಾಗಿರಲಿಲ್ಲ.

ಆರು ದಿನ ಆ ಸಾಲಿನ ಮುಂದೆ ನಿಂತು ಅಳೆದೆ. ಎಲ್ಲರಿಗೂ ನೀಲಿ ಕೋಟು, ಟೊಪ್ಪಿ, ಮುಖಗವಸು. ಒಬ್ಬಾಕೆ ಕತ್ತೆತ್ತದೆ, “ನಾವು ಕೆಮ್ಮಿದ್ರೂ ಬರ್ಕೊಳ್ತೀರಾ ಮೇಡಮ್ಮೋರೆ?” ಎಂದಳು, ಸಾಲಿನುದ್ದಕ್ಕೂ ಭುಜಗಳು ನಕ್ಕವು. ನಾನು ಮುಖ ನೋಡಲಿಲ್ಲ. ನಮ್ಮ ಕೆಲಸದ ಪಾಠವೇ ಅದು: ಕೈ ನೋಡು, ಮುಖ ನೋಡಬೇಡ, ಮಾತಿಗಿಳಿಯಬೇಡ, ಮಾತಾಡಿಸಿದರೆ ವೇಗ ಬದಲಾಗುತ್ತದೆ. ಅದಕ್ಕೇ ಮನೆಯಲ್ಲಿ ಗಂಗಕ್ಕನ ಹತ್ತಿರವೂ ಆ ಮಾತೆತ್ತಲಿಲ್ಲ. ಆರೂ ದಿನ ಸಾಲಿನಲ್ಲಿ ಎಂಟೇ ಮಂದಿ ಇದ್ದರು. ಹಾಜರಿಯಲ್ಲಿ ಹತ್ತು. ಉಳಿದಿಬ್ಬರ ಬಗ್ಗೆ ಮೇಸ್ತ್ರಿಯನ್ನು ಕೇಳಿದ್ದಕ್ಕೆ, ಇಲ್ಲೇ ಎಲ್ಲೋ ಇದ್ದಾರೆ, ಕೆಲಸವೇನಾದರೂ ನಿಂತಿದೆಯೇ ಎಂದು ಅವನೇ ಕೇಳಿದ. ನಿಂತಿರಲಿಲ್ಲ. ಹತ್ತು ಮಂದಿಯ ಪೆಟ್ಟಿಗೆಗಳು ಒಂದೂ ಕಡಿಮೆಯಾಗದೆ ಹೊರಬರುತ್ತಿದ್ದವು. ನಾನು ಬರೆದೆ: ಈ ಸಾಲಿಗೆ ಎಂಟು ಜನ ಸಾಕು. ಸರ್ ಆ ಸಾಲನ್ನು ಎರಡು ಸಲ ಓದಿ, ಬಹಳ ದಿನಗಳ ನಂತರ ನಕ್ಕರು. ವರದಿ ಹೋಯಿತು. ತೀರ್ಮಾನದ ಸಭೆ ಮುಂದಿನ ಸೋಮವಾರಕ್ಕಿತ್ತು.

ಆ ಶುಕ್ರವಾರ ಸಂಜೆ ಗಂಗಕ್ಕನೂ ನಾನೂ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆವು. ನಾಳೆ ರೇಣುಕಳ ಹೊಲವೊಂದು ಮುಗಿದರೆ ಎಲ್ಲರ ರಾಗಿ ಕೊಯ್ಲೂ ಆದಂತೆ ಎಂದರು. ರೇಣುಕ ಅದೇ ಸಾಲಿನವಳು. ಕಾರ್ಖಾನೆ ಬಿಟ್ಟು ಯಾವಾಗ ಕೊಯ್ದಿರಿ ಎಂದು ಸುಮ್ಮನೆ ಕೇಳಿದೆ.

“ಬಿಟ್ಟು ಯಾಕೆ? ದಿನಾ ಇಬ್ರು ಹೊಲಕ್ಕೆ ಹೋಗಾದು, ಉಳ್ದೋರು ಅವ್ರದ್ದೂ ಸೇರ್ಸಿ ಮಾಡಾದು. ಮುಯ್ಯಿ ಅಲ್ವಾ. ಮೇಸ್ತ್ರಿನೂ ನಮ್ಮೂರೋನೆ, ಕಂಡೂ ಕಾಣ್ದಂಗಿರ್ತಾನೆ. ಹದಿನೈದು ದಿವಸ ಬೆನ್ನು ಬಿದ್ದೋಗುತ್ತೆ ಕಣಮ್ಮ, ಆಮೇಲೆ ಸರಿ ಹೋಗುತ್ತೆ.”

ನಾನು ಅಳೆದ ಆರು ದಿನಗಳಲ್ಲಿ ಒಂದು ದಿನ ಗಂಗಕ್ಕನೇ ಸಾಲಿನಲ್ಲಿರಲಿಲ್ಲ. ಅದು ನನಗೆ ತಿಳಿದಿರಲಿಲ್ಲ.

ಮುಯ್ಯಿ ಏನೆಂದು ನಿಮಗೆ ಹೇಳಬೇಕಿಲ್ಲ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನದಕ್ಕೆ ನೀನು. ಕಳೆ ತೆಗೆಯಲು ಅವ್ವ ಮುಯ್ಯಾಳಾಗಿ ಹೋಗುವಾಗ ಸೆರಗು ಹಿಡಿದು ಹೋದವಳು ನಾನು. ನಮ್ಮೂರಿನ ಹೊಲದಲ್ಲಿ ಎಂಟು ಜನ ಹತ್ತು ಜನರ ಸಾಲು ಹಿಡಿದಿದ್ದರೆ ದೂರದಿಂದಲೇ ಹೇಳುತ್ತಿದ್ದೆ, ಇಬ್ಬರು ಎಲ್ಲಿಗೋ ಹೋಗಿದ್ದಾರೆ, ಇವರು ಅವರ ಪಾಲಿನದನ್ನೂ ಎಳೆಯುತ್ತಿದ್ದಾರೆ ಎಂದು. ಇಲ್ಲಿ ಅದೇ ನನ್ನ ಕಣ್ಣೆದುರು ಆರು ದಿನ ನಡೆಯಿತು. ಪರವೂರು ಎಂದುಕೊಂಡು, ನನಗೆ ಗೊತ್ತಿರುವುದು ಇಲ್ಲಿ ಯಾವುದೂ ಇರಲಾರದು ಎಂದುಕೊಂಡು ನೋಡಿದ್ದೆ.

ವರದಿಯ ವಿಷಯ ಹೇಳಿದೆ. ಗಂಗಕ್ಕನ ಕೈ ನಿಂತಿತು. “ಆರು ದಿವಸ ನಿಂತಿದ್ದೆ. ಒಂದೇ ಮನೇಲಿ ಉಣ್ತೀವಿ. ಒಂದ್ ಮಾತು ಕೇಳ್ಬೋದಿತ್ತಲ್ಲ,” ಎಂದರು. ಆಮೇಲೆ ಒಳಗೆ ಹೋದರು. ಅಂದು ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಶನಿವಾರ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಇಲ್ಲೇ ಹತ್ತಿರದ ತ್ಯಾಮಗೊಂಡ್ಲಿನವರು, ಅರ್ಧ ಕೇಳಿದಾಗಲೇ ಅರ್ಥವಾಗಿ ಕಣ್ಣು ಮುಚ್ಚಿಕೊಂಡರು.

“ನಿಜ ಬರೆದ್ರೆ ಸುಳ್ಳು ಹಾಜರಿ ಅಂತ ಹತ್ತು ಜನಾನೂ ಹೋಗ್ತಾರೆ, ಮೇಸ್ತ್ರಿನೂ ಹೋಗ್ತಾನೆ. ಸುಮ್ನಿದ್ರೆ ಇಬ್ರು. ಇನ್ನೇನು ದಾರಿ ಇದೆ ಹೇಳಮ್ಮ?”

“ನನ್ನ ಅಳತಿ ತಪ್ಪೇತಿ ಅಂತ ಬರೀತೀನ್ರಿ. ವರದಿ ವಾಪಸ್ ತಗೋತೀವಿ, ಮತ್ತೊಮ್ಮೆ ಅಳೀತೀವಿ ಅಂತ.”

“ಅಳತೆ ತಪ್ಪೋರನ್ನ ಯಾರು ಕರೀತಾರೆ ನೀಲಮ್ಮ?”

ಅವರು ಎದ್ದು ಖಾಲಿ ಕುರ್ಚಿಗಳ ನಡುವೆ ಕಿಟಕಿಯವರೆಗೆ ಹೋಗಿ ಬಂದರು. ತಮ್ಮ ತಾಯಿಯೂ ಮುಯ್ಯಾಳಿಗೆ ಹೋಗುತ್ತಿದ್ದರೆಂದು, ಮನೆಗೆ ಬಂದು ಬೆನ್ನಿಗೆ ಬಿಸಿನೀರು ಹಾಕಿಸಿಕೊಳ್ಳುತ್ತಿದ್ದರೆಂದು, ನನಗಲ್ಲದೆ ಬೇರೆ ಯಾರಿಗೋ ಹೇಳುವಂತೆ ಹೇಳಿದರು. ನಾನು ಪತ್ರ ಬರೆದುಕೊಟ್ಟಾಗ ಓದಿ ನನ್ನ ಹೆಸರನ್ನು ಹೊಡೆದುಹಾಕಿದರು.

“ಲೆಟರ್‌ಹೆಡ್ ಮೇಲಿರೋದು ನನ್ನ ಹೆಸ್ರು. ನೀನ್ಯಾಕೆ ಮಧ್ಯೆ ಬರ್ತೀಯ?”

ಆ ಪತ್ರದಲ್ಲಿ ಸುಳ್ಳಿರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ.

ಕಾರ್ಖಾನೆಯವರು ಎರಡು ಸಾಲಿನ ಉತ್ತರ ಕಳಿಸಿದರು. ವರದಿಯನ್ನು ಪರಿಗಣಿಸುವುದಿಲ್ಲ, ಇನ್ನು ನಮ್ಮ ಸೇವೆ ಬೇಕಿಲ್ಲ. ಹತ್ತು ಮಂದಿಯೂ ಈಗ ಅಲ್ಲೇ ಇದ್ದಾರೆ. ನಾಳೆ ನಗರದಿಂದ ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿದು ಬಂದರೆ ಏನಾಗುತ್ತದೋ ಗೊತ್ತಿಲ್ಲ. ನಮ್ಮ ಕಚೇರಿ ಖಾಲಿಯಾಯಿತು. ಸರ್ ತ್ಯಾಮಗೊಂಡ್ಲಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೇಜು ಹಾಕಿಕೊಂಡಿದ್ದಾರೆ. ಸಣ್ಣಪುಟ್ಟ ಕೆಲಸ ಬಂದಾಗ ವಾರಕ್ಕೆರಡು ದಿನ ಹೋಗುತ್ತೇನೆ. ಊರಿಗೆ ಮರಳಿಬಿಡೋಣವೆಂದು ಬಟ್ಟೆ ಮಡಚಿಟ್ಟದ್ದೂ ಆಗಿದೆ, ತೆಗೆದದ್ದೂ ಆಗಿದೆ.

ಗಂಗಕ್ಕ ನನ್ನನ್ನು ಹೊಗಳಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಒಂದು ಭಾನುವಾರ ಬಾಗಿಲ ಬಳಿ ನಿಂತು, ಒಂದಾಳು ಕಡಿಮೆ ಇದೆ, ಬರ್ತೀಯಾ ಎಂದು ಕೇಳಿದರು. ರಾಗಿ ಹುಲ್ಲಿನ ಹೊರೆಗಳನ್ನು ಮೆದೆ ಹಾಕುವ ಕೆಲಸ. ನಮ್ಮಲ್ಲಿ ಬಣವಿ ಎನ್ನುತ್ತೇವಲ್ಲ, ಅದು. ನಾನು ಹೊತ್ತ ಹೊರೆ ಎರಡು ಸಲ ಬಿಚ್ಚಿಹೋಯಿತು. ರೇಣುಕ ಮೆದೆಯ ಮೇಲಿಂದ, “ವಾಚು ತಂದಿಲ್ವಾ ಮೇಡಮ್ಮೋರೆ, ನಿಮ್ಮದೂ ಅಳೀಬೋದಿತ್ತು,” ಎಂದಳು. ಈ ಸಲ ನಗು ನನಗೂ ಬಂತು.

ಮಧ್ಯಾಹ್ನ ಹೊಲದ ಬದುವಿನಲ್ಲಿ ಕೂತಿದ್ದಾಗ ಅವ್ವನ ಫೋನು. ಊರಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ. ಓಣಿಯ ಹೆಂಗಸರೆಲ್ಲ ಒಬ್ಬರ ಹೊಲಕ್ಕೊಬ್ಬರು ಹೋಗುತ್ತಿದ್ದಾರಂತೆ.

“ನಿನ್ನ ಪಾಳೀನೂ ನಾನ ಹೋಗಾಕ್ಹತ್ತೀನಿ. ಮುಂದಿನ ವರ್ಷ ಬಂದು ತೀರಸ್ತೀಯಿಲ್ಲವಾ?”

ಹೂಂ ಎಂದೆ.

ಫೋನು ಇಟ್ಟಾಗ ಗಂಗಕ್ಕ ನೀರಿನ ಚೊಂಬು ಚಾಚುತ್ತ, ಬರುವ ವರ್ಷ ಕೊಯ್ಲಿಗೆ ನನ್ನನ್ನೂ ಒಂದಾಳೆಂದು ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಆಗಲೂ ಹೂಂ ಎಂದೆ. ಮೆಣಸಿನಕಾಯಿಯೂ ರಾಗಿಯೂ ಕೈಗೆ ಬರುವುದು ಒಂದೇ ತಿಂಗಳಲ್ಲಿ ಎಂಬುದು ನೀರು ಕುಡಿದು ಚೊಂಬು ಕೆಳಗಿಟ್ಟ ಮೇಲೆ ನೆನಪಾಯಿತು.