ಹುಚ್ಚಮ್ಮನ ಕುಡುಗೋಲು

ಕುಪ್ಪಗಡ್ಡೆ ಕಡೆ ಕುರಿ ಸಾಕುವವರಲ್ಲಿ ಹುಚ್ಚಮ್ಮನನ್ನು ಅರಿಯದವರಿಲ್ಲ. ಕುರಿಗೆ ಬಾವು ಬಂದರೆ ಕುಡುಗೋಲು ಕಾಯಿಸಿ ಬರೆ ಎಳೆಯುತ್ತಾಳೆ. ಮನುಷ್ಯರಿಗೂ ಅದೇ ಮದ್ದು. ನಾವು ಸೊರಬದಲ್ಲಿ ಬಗರ್‌ಹುಕುಂ ಜಮೀನಿಗಾಗಿ ಧರಣಿ ಕೂತಾಗ ನಮ್ಮವನೊಬ್ಬನ ಊದಿದ ಕಾಲಿಗೂ ಎಳೆದಿದ್ದಳು. ಅವನು ಇವತ್ತಿಗೂ ಕುಂಟುತ್ತಾನೆ, ಅವಳ ಕೈಗುಣವನ್ನೂ ಹೊಗಳುತ್ತಾನೆ. ನಂಬಿಕೆ ಅಂದರೆ ಅದು.

ಅವಳ ಮಗ ಮಾಳೇಶನಿಗೆ ಕ್ಷಯ ಎಂದು ಗೊತ್ತಾದ ಮೇಲೆ ಆಸ್ಪತ್ರೆಯ ನರ್ಸ್ ಶೃತಿ ಮನೆಗೆ ಬಂದು, ಸೊಸೆ ಸಂಗೀತಳಿಗೂ ಸೋಂಕು ತಗುಲಿದೆಯಾ ಎಂದು ನೋಡಲು ಅವಳ ಮುಂಗೈಗೆ ಸಣ್ಣ ಸೂಜಿ ಚುಚ್ಚಿ ಹೋಗಿದ್ದಳು. ಎರಡು ದಿನ ಬಿಟ್ಟು ನೋಡುತ್ತೇನೆ, ಅಲ್ಲಿಯವರೆಗೆ ಏನೂ ಹಚ್ಚಬೇಡಿ ಎಂದಿದ್ದಳು. ಅವಳು ಬರಬೇಕಾದ ಬೆಳಿಗ್ಗೆ ಅಲ್ಲಿ ಕೆಂಪಗೆ ಗಟ್ಟಿ ಬಾವು ಎದ್ದಿತ್ತು. ಹುಚ್ಚಮ್ಮ ಕುಡುಗೋಲನ್ನು ಒಲೆಗೆ ಇಟ್ಟಳು.

"ಕೈ ಚಾಚು."

"ಬ್ಯಾಡ ಅತ್ತೆ. ಅವ್ರು ಬಂದು ನೋಡ್ಲಿ."

"ಅವ್ರು ಬರೋ ಹೊತ್ತಿಗೆ ಕೈ ಕೊಳೆತಿರ್ತೈತೆ. ಗಂಡ ಮಲಗ್ಯಾನೆ, ನೀನೂ ಮಲಗ್ತೀಯಾ?"

ಕುಡುಗೋಲಿನ ತುದಿ ಕೆಂಪಾಗಿತ್ತು. ಮುದುಕಿ ಸೊಸೆಯ ಮಣಿಕಟ್ಟು ಹಿಡಿದಿದ್ದಳು. ಟಗರು ಹಿಡಿದು ಪಳಗಿದ ಕೈ, ಬಿಡಿಸಿಕೊಳ್ಳುವ ಮಾತಿಲ್ಲ. ಶೃತಿ ಬಾಗಿಲಿಗೆ ಬಂದಿದ್ದು ಆಗ.

"ಸುಟ್ಟ್ ಮೇಲೆ ಬಾವಿನ ಅಳತೆ ಹೆಂಗ್ ತಗೊಳ್ಲಿ ಅಜ್ಜಿ? ಕೆಳಗಿಡಿ. ಅದು ಕೀವಲ್ಲ."

"ಮತ್ತೇನು, ಹೋಳಿಗೆ ಹೂರಣನಾ?"

"ಸೂಜೀಲಿ ಕ್ಷಯದ ಹುಳ ಇರ್ಲಿಲ್ಲ, ಅದರ ವಾಸನೆ ಇತ್ತು ಅಂದ್ಕೊಳ್ಳಿ. ಮೈಯೊಳಗಿನ ಕಾವಲು ಕಣಗಳು ಆ ಹುಳನ ಮೊದ್ಲೇ ಕಂಡಿದ್ರೆ ಓಡ್ಬಂದು ಗುಂಪು ಕಟ್ತವೆ. ಆ ಗುಂಪೇ ಈ ಬಾವು. ತೋಳದ ವಾಸನೆಗೆ ನಾಯಿ ಬೊಗಳಿದ್ರೆ ನೀವು ನಾಯಿಗೆ ಬರೆ ಹಾಕ್ತೀರಾ?"

ಹುಚ್ಚಮ್ಮ ಹಿಡಿತ ಬಿಡಲಿಲ್ಲ. "ಅಂದ್ರೆ ತೋಳ ಹಟ್ಟಿ ಒಳಗೇ ಹೊಕ್ಕೈತೆ."

"ಹೊಕ್ಕಿರ್ಬೇಕು. ಕಾವಲಿನವು ಎದೆಯೊಳಗೆ ಅದನ್ನ ಸುತ್ತುಗಟ್ಟಿ ಕೂರ್ಸಿರ್ತವೆ, ಕೊಂದಿರಲ್ಲ. ಅವು ಸೋತ ದಿನ ಅದು ಏಳ್ತದೆ. ಎಕ್ಸ್‌ರೇ ತೆಗ್ಸಿ, ಏಳೋಕೆ ಮುಂಚೆ ಮಾತ್ರೆ ಶುರು ಮಾಡ್ಬೇಕು."

ಕುಡುಗೋಲು ಬೂದಿಗೆ ಬಿತ್ತು. ಮುದುಕಿ ಈಗ ತನ್ನ ಕೈ ಚಾಚಿದಳು. "ನಂಗೂ ಚುಚ್ಚು, ನೋಡಾಣ."

ಶೃತಿ ಚುಚ್ಚಿದಳು. ಎರಡು ದಿನ ಕಳೆದರೂ ಮುದುಕಿಯ ಕೈ ಊದಲಿಲ್ಲ. ನನ್ನ ಹಟ್ಟಿಗೆ ತೋಳ ಬಂದಿಲ್ಲ ಎಂದು ಕೇರಿಯಲ್ಲೆಲ್ಲ ಜಂಬ ಕೊಚ್ಚಿದಳು. ಶೃತಿ ಮಾತ್ರ ನಗಲಿಲ್ಲ.

"ವಯಸ್ಸಾದ ಮೈಯಲ್ಲಿ ತೋಳ ಇದ್ರೂ ನಾಯಿ ಬೊಗಳ್ದೆ ಇರ್ಬೋದು ಅಜ್ಜಿ. ನೀವೂ ಸಂಗೀತನ ಜೊತೆ ಎಕ್ಸ್‌ರೇಗೆ ಹೋಗ್ಬನ್ನಿ."

ಶಿಕಾರಿಪುರದ ಬಸ್ಸಿನಲ್ಲಿ ಹುಚ್ಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೆಮ್ಮಿದಳು. ಸಂಗೀತ ತಿರುಗಿ ನೋಡಿದಳು.

"ಯಾವಾಗಿಂದ ಅತ್ತೆ?"

"ಸುಮ್ನೆ ಕೂರು. ಅಲ್ಲೇ ಡಾಕ್ಟ್ರಿಗೆ ಹೇಳ್ತೀನಿ."