ಗಂಡು ನೋಡಲು ಹೋಗಿ ನೆರಳು ಹುಡುಕಿದ್ದು

ನನ್ನನ್ನು ನೋಡಲು ಕುದೇರಿನಿಂದ ಗಂಡಿನ ಕಡೆಯವರು ಭೀಮನಬೀಡಿಗೆ ಬಂದು ಹೋದರು. ಎಲ್ಲರೂ ಎಲ್ಲರನ್ನೂ ನೋಡಿದರು, ನೋಡದವಳು ನಾನೊಬ್ಬಳೇ. ತಲೆ ಎತ್ತಕೂಡದು ಅಂತ ಅವ್ವ ಕಟ್ಟಪ್ಪಣೆ ಮಾಡಿದ್ದಳು. ಎಲೆ ಅಡಿಕೆ ತಟ್ಟೆ ಇಟ್ಟು ಬಂದೆ. ನನಗೆ ಕಂಡದ್ದು ಬರೀ ಚಾಪೆ. ಗಂಡು ಯಾರು, ಗಂಡಿನ ಚಿಕ್ಕಪ್ಪ ಯಾರು ಅಂತಲೂ ತಿಳಿಯಲಿಲ್ಲ. ಸೋಮವಾರದೊಳಗೆ ಒಪ್ಪಿಗೆಯ ಮಾತು ಕಳಿಸಬೇಕು ಅಂತ ಅಪ್ಪ ಅಂದಾಗ ನನಗೆ ರೇಗಿಹೋಯಿತು.

"ಎಮ್ಮೆ ತರೋರೂ ಹಲ್ಲು ನೋಡ್ತರೆ. ಮಕ ನೋಡ್ದೆ ನಾನು ಒಪ್ಪಕಿಲ್ಲ," ಅಂದುಬಿಟ್ಟೆ.

ಸೋದರಮಾವ ಒಂದು ದಾರಿ ಹುಡುಕಿದ. ಹುಡುಗ ಚಾಮರಾಜನಗರದಲ್ಲಿ ಗುಮಾಸ್ತನಾಗಿದ್ದ. ಭಾನುವಾರ ಅಲ್ಲಿ ವಾಲಿಬಾಲ್ ಪಂದ್ಯ, ಅವನೂ ತಂಡದಲ್ಲಿದ್ದಾನೆ, ನೀಲಿ ಬನೀನಿನವರು ಅವರ ಕಡೆ. ಜನದ ನಡುವೆ ಕೂತು ನೋಡಿಕೊಂಡು ಬರಲಿ, ಯಾರಿಗೂ ಗೊತ್ತಾಗುವುದಿಲ್ಲ ಅಂದ. ಅಪ್ಪ ಗೊಣಗುತ್ತಲೇ ಒಪ್ಪಿದ. ಒಪ್ಪದವಳು ನನ್ನ ಅಜ್ಜಿ, ಮಾವನ ತಾಯಿ.

"ಲಗ್ನದ್ ಹೊತ್ಗೆ ಕೂಸು ಬಿಸ್ಲಲ್ಲಿ ಕರ್ಗಾಗ್ಬುಟ್ರೆ ಯಾರ್ಲಾ ಜವಾಬ್ದಾರಿ?" ಅಂದಳು. ನೆರಳಲ್ಲಿ ಕೂರಿಸುವುದಾದರೆ ಸರಿ, ಅದನ್ನು ನೋಡಿಕೊಳ್ಳಲು ತಾನೂ ಬರುತ್ತೇನೆ ಅಂತ ಕೊಡೆ ಹಿಡಿದು ಹೊರಟಳು. ಗಂಡ ಸತ್ತವಳೆಂದು ಹೆಣ್ಣು ನೋಡುವ ಶಾಸ್ತ್ರದ ದಿನ ಅವಳು ಅಡುಗೆಮನೆಯಿಂದ ಆಚೆ ಬಂದಿರಲಿಲ್ಲ. ಹಾಗಾಗಿ ಹುಡುಗನ ಮುಖ ಅವಳೂ ಕಂಡವಳಲ್ಲ.

ಮಾವ ಮೊದಲ ಬಸ್ಸಿಗೇ ಹೋಗಿ, ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ, ಒಳ್ಳೆ ತಂಪಾದ ಕಡೆ, ಕಂಬಳಿ ಹಾಸಿ ಕಾದು ಕೂತಿದ್ದ. ನಾವು ಊಟ ಮುಗಿಸಿ ಮಧ್ಯಾಹ್ನದ ಮೇಲೆ ತಲುಪಿದೆವು. ಕಂಬಳಿ ಇಟ್ಟ ಕಡೆಯೇ ಇತ್ತು, ನೆರಳು ಮಾತ್ರ ಮರದ ಆಚೆ ಬದಿಗೆ ಹೋಗಿತ್ತು. ಹುಟ್ಟಿದಾಗಿನಿಂದ ಹೊಲದಲ್ಲಿ ದುಡಿದ ಮನುಷ್ಯನಿಗೆ ಸೂರ್ಯ ಪಡುವಣಕ್ಕೆ ಹೋಗುತ್ತಾನೆ ಅನ್ನುವುದು ಆ ದಿನ ಮರೆತುಹೋಗಿತ್ತು.

ಅಜ್ಜಿ ಕಂಬಳಿ ಎಳೆದುಕೊಂಡು ನೆರಳಿನ ಹಿಂದೆ ಹೋದಳು. ಅಲ್ಲಿಂದ ಕಾಣುತ್ತಿದ್ದದ್ದು ಜನರ ಬೆನ್ನು, ಆಗೊಮ್ಮೆ ಈಗೊಮ್ಮೆ ತಲೆಗಳ ಮೇಲೆ ಹಾರುವ ಚೆಂಡು. ನೆರಳು ಸರಿದಂತೆ ನಾವೂ ಸರಿದೆವು. ಇನ್ನೊಂದು ಗಳಿಗೆ ಹೀಗೇ ಸರಿದಿದ್ದರೆ ಬಸ್ ಸ್ಟ್ಯಾಂಡ್ ಸೇರುತ್ತಿದ್ದೆವು. ಮಾವ ಸೋಡಾ ತರುವ ನೆಪ ಹೇಳಿ ತಪ್ಪಿಸಿಕೊಂಡ.

ನನಗೆ ಅಳು ಬಂತು. ಎದ್ದವಳೇ ಜನರನ್ನು ಸರಿಸಿಕೊಂಡು ಹಗ್ಗದ ಹತ್ತಿರ, ಉರಿ ಬಿಸಿಲಲ್ಲಿ ಹೋಗಿ ಕೂತೆ. ಅಜ್ಜಿ ಬೈದುಕೊಂಡು ಬಂದು ನನ್ನ ತಲೆಯ ಮೇಲೆ ಕೊಡೆ ಬಿಚ್ಚಿದಳು. ಹಿಂದಿನವರು "ಕೊಡೆ ಮಡ್ಗಜ್ಜಿ, ಕಾಣಕಿಲ್ಲ" ಅಂತ ಗಲಾಟೆ ಎಬ್ಬಿಸಿದರು. ಮಡಚಿದಳು. ಮಡಚಿ, ಹಗ್ಗದ ಒಳಗೆ ಸುಮ್ಮನೆ ನಿಂತಿದ್ದ ನೀಲಿ ಬನೀನಿನವನೊಬ್ಬನನ್ನು ಅದರ ತುದಿಯಿಂದ ತಿವಿದಳು. ಅವನು ಆಡುತ್ತಿರಲಿಲ್ಲ, ಹೆಗಲ ಮೇಲೆ ಮಿಕ್ಕವರ ಶರ್ಟುಗಳನ್ನು ಹೊತ್ತಿದ್ದ.

"ನೀನೆಂಗೂ ಆಡ್ತಿಲ್ಲ. ವಸಿ ಇತ್ಲಾಗ್ ನಿಂತ್ಕಳಪ್ಪ, ಈ ಕೂಸಿನ್ ಮ್ಯಾಲೆ ನೆರಳು ಬೀಳ್ಲಿ. ಮದ್ವೆ ಗೊತ್ತಾಯ್ತಾ ಅದೆ. ಕರ್ಗಾದ್ರೆ ಗಂಡಿನ್ ಕಡೆಯೋರು ಒಂದ್ ಥರ ಜನ, ಏನಂದಾರೋ."

ಅವನು ಬಂದು ನನ್ನೆದುರು ನಿಂತ. ನೆರಳು ಬಿತ್ತು, ಆಟ ಮರೆಯಾಯಿತು. ಗಂಡು ಅಂದರೆ ಅಂಗಳದಲ್ಲಿ ಎತ್ತರಕ್ಕೆ ನೆಗೆಯುವ ಮೀಸೆಯವನೇ ಇರಬೇಕು ಅಂತ ಆಗಷ್ಟೇ ಗುರುತು ಹಿಡಿಯುತ್ತಿದ್ದೆ. ತಲೆ ಎತ್ತಿ, ಅಡ್ಡ ನಿಂತವನ ಮುಖ ನೋಡಿಯೇ ದಬಾಯಿಸಿದೆ:

"ರೀ, ಅತ್ಲಾಗ್ ಸರೀರಿ. ನಾನು ಬಂದಿರೋದೇ ಆಟ ನೋಡಕ್ಕೆ."

ಅವನು ಸರಿದ. "ಎಲ್ಲೋದಯ್ಯಾ?" ಅಂದಳು ಅಜ್ಜಿ. ಮತ್ತೆ ಬಂದ. ನಾನು ಗುರಾಯಿಸಿದೆ, ಮತ್ತೆ ಸರಿದ. ಬೆವರು ಇಳಿಯುತ್ತಿತ್ತು, ಮೂಗಿನ ತುದಿ ಕೆಂಪಾಗಿತ್ತು, ಆದರೂ ಪುಣ್ಯಾತ್ಮ ಒಂದು ಸಲವೂ ಸಿಡುಕಲಿಲ್ಲ. ಇವನ ತಾಳ್ಮೆಗೆ ನನಗೇ ನಗು ಬಂತು. ಅವನೂ ನಕ್ಕ.

ಅಷ್ಟರಲ್ಲಿ ಮಾವ ಸೋಡಾ ಹಿಡಿದು ಬಂದ. ನೋಡಿದವನೇ ಬಗ್ಗಿ ನನ್ನ ಕಿವಿಯಲ್ಲಿ, "ಅಯ್ಯೋ, ಗಂಡು ಇವ್ರೇ ಕಣಮ್ಮಿ," ಅಂದ. ಅಜ್ಜಿಗೂ ಕೇಳಿಸಿತು.

ನನ್ನ ತಲೆ ತಾನಾಗಿ ಕೆಳಗೆ ಹೋಯಿತು. ಅಷ್ಟು ದೂರದಿಂದ ಯಾವ ಮುಖ ನೋಡಲು ಬಂದಿದ್ದೆನೋ ಅದು ಮಾರು ದೂರದಲ್ಲಿತ್ತು, ನಾನು ನೆಲದ ಹುಲ್ಲು ನೋಡುತ್ತಿದ್ದೆ. ನಾಚಿಕೆಯಿಂದ ಸಾಯುವಂತಾಗಿತ್ತು. ಅಜ್ಜಿಗೆ ಆ ಕಷ್ಟವೇನೂ ಇರಲಿಲ್ಲ.

"ಗಂಡಾದ್ರೆ ಏನೀಗ? ಬಿಸ್ಲು ಇನ್ನೂ ಇಳ್ದಿಲ್ಲ. ನಿಂತ್ಕಳಪ್ಪ," ಅಂದಳು.

ಅವರು ನಿಂತರು. ಪಂದ್ಯ ಮುಗಿದು, ಗೆದ್ದವರು ಯಾರೋ, ಜನ ಚದುರಿ, ಜೊತೆಯವರು ಶರ್ಟಿಗಾಗಿ ಕೂಗುತ್ತಿದ್ದರೂ ಅಲ್ಲಾಡಲಿಲ್ಲ. ಆಗ ನಾನು ತಲೆ ಎತ್ತಿದೆ. ಈ ಸಲ ಯಾರೆಂದು ಗೊತ್ತಿದ್ದೇ ಎತ್ತಿದೆ, ಕಣ್ತುಂಬ ನೋಡಿದೆ. ಅವರೂ ಮುಖ ತಿರುಗಿಸಲಿಲ್ಲ.

"ನಡಿ, ಬಸ್ಸು ಓಯ್ತದೆ," ಅಂತ ಅಜ್ಜಿ ಎಬ್ಬಿಸಿದಳು.

"ಸೋಮಾರದ್ ಗಂಟ ಯಾಕಜ್ಜಿ ಕಾಯ್ಬೇಕು," ಅಂದೆ, "ಇಲ್ಲೇ ಹೇಳ್ಬುಡು."